ಪದಚರ್ಚೆ: ‘ರೈಟ್-ಅಹೆಡ್ ಲಾಗ್’ಗೆ ಕಿರ್ದಿ, ‘ಚೆಕ್‌ಪಾಯಿಂಟ್’ಗೆ ಖತಾವಣಿ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಶಿರಸಿಯ ಅಡಿಕೆ ವಖಾರಿಗಳಲ್ಲಿ ಬಳಸುವ ಒಂದು ಲೆಕ್ಕದ ಸಾಫ್ಟ್‌ವೇರಿಗೆ ಕನ್ನಡದಲ್ಲಿ ಸಹಾಯ ಪುಟ ಬರೆಯುತ್ತಿದ್ದೇನೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆಯ ಒಂದೊಂದು ಬಗೆಯ ತೂಕ, ದರ, ರೈತರ ಬಾಕಿ ಎಲ್ಲ ಅದೇ ಕಂಪ್ಯೂಟರಿನ ಒಂದು ಫೈಲಿನಲ್ಲಿರುತ್ತದೆ. ಅದನ್ನು ನೋಡಿಕೊಳ್ಳುವುದು ‘ಎಸ್‌ಕ್ಯೂಲೈಟ್’ (SQLite) ಅನ್ನುವ ಡೇಟಾಬೇಸ್. ಬೇರೆ ಸರ್ವರ್ ಇಲ್ಲ, ಇಂಟರ್ನೆಟ್ಟೂ ಬೇಡ. ಇಂಥ ‘ಎಂಬೆಡೆಡ್ ಡೇಟಾಬೇಸ್’ಗೆ ‘ಅಂತರ್ಗತ ದತ್ತಸಂಚಯ’ ಅಂದರೆ ವಖಾರಿಯ ಗುಮಾಸ್ತರಿಗೆ ಏನೂ ತಿಳಿಯುವುದಿಲ್ಲ. ‘ಪ್ರೋಗ್ರಾಮಿನೊಳಗಿನ ಡೇಟಾಬೇಸ್’ ಅಂತಲೇ ಬರೆದಿದ್ದೇನೆ. ಅಷ್ಟು ಸಾಕು ಅನ್ನಿಸುತ್ತದೆ.

ತೊಡಕಿರುವುದು ‘ರೈಟ್-ಅಹೆಡ್ ಲಾಗ್’ ಹತ್ತಿರ. 2010ರಲ್ಲಿ ಎಸ್‌ಕ್ಯೂಲೈಟಿಗೆ ಬಂದ ಈ ಕ್ರಮದಲ್ಲಿ ಹೊಸ ನಮೂದು ನೇರ ಮುಖ್ಯ ಫೈಲಿಗೆ ಹೋಗುವುದಿಲ್ಲ. ಮೊದಲು ಪಕ್ಕದ ಇನ್ನೊಂದು ಫೈಲಿಗೆ ಸೇರುತ್ತದೆ. ಅದರ ಹೆಸರಿನ ಕೊನೆಗೆ ‘-ವಾಲ್’ (-wal) ಅಂತ ಇರುತ್ತದೆ. ಬೇರೆ ಏನೂ ಹೊಂದಿಸದಿದ್ದರೆ, ಅದರಲ್ಲಿ 1000 ‘ಪುಟ’ (ಡೇಟಾಬೇಸ್ ಫೈಲನ್ನು ಭಾಗಿಸಿದ ಸಮಗಾತ್ರದ ತುಂಡು) ಆದಾಗ ಅಲ್ಲಿದ್ದದ್ದನ್ನು ಮುಖ್ಯ ಫೈಲಿಗೆ ಏರಿಸುತ್ತದೆ. ಪ್ರೋಗ್ರಾಮ್ ಸರಿಯಾಗಿ ಮುಚ್ಚಿದಾಗಲೂ ಅಷ್ಟೇ. ಹೀಗೆ ಏರಿಸುವುದೇ ‘ಚೆಕ್‌ಪಾಯಿಂಟ್’.

ಒಂದು ವಖಾರಿಯಲ್ಲಿ ಪ್ರೋಗ್ರಾಮ್ ತೆರೆದಿದ್ದಾಗಲೇ ಮುಖ್ಯ ಫೈಲನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡರು. ಮನೆಯ ಕಂಪ್ಯೂಟರಿನಲ್ಲಿ ನೋಡಿದರೆ ಮಧ್ಯಾಹ್ನದ ಮೇಲೆ ಬಂದ ಚಾಲಿಯ ತೂಕ ಒಂದೂ ಇಲ್ಲ. ಅದೆಲ್ಲ ವಾಲ್ ಫೈಲಿನಲ್ಲೇ ಉಳಿದಿತ್ತು. ಕಾರಣ ವಿವರಿಸಿದಾಗ, ಅಲ್ಲಿ ಬಹಳ ವರ್ಷದಿಂದ ಲೆಕ್ಕ ಬರೆಯುವ ಹಿರಿಯರು, “ಅಂದ್ರೆ ಕಿರ್ದಿ ಆಯ್ದು, ಖತಾವಣಿ ಆಜಿಲ್ಲೆ, ಅಲ್ದಾ?” ಅಂದರು.

ನನಗೆ ತುಂಬ ಖುಷಿಯಾಯಿತು. ದಿನದ ವ್ಯವಹಾರ ನಡೆದ ಹಾಗೇ ಬರೆಯುತ್ತ ಹೋಗುವುದು ಕಿರ್ದಿ. ಅದನ್ನು ಆಮೇಲೆ ಅವರವರ ಖಾತೆಗೆ ಎತ್ತುವುದು ಖತಾವಣಿ. ಖತಾವಣಿ ಆಗುವ ಮುಂಚೆ ರೈತರು ಬಂದು ಬಾಕಿ ಕೇಳಿದರೆ ಗುಮಾಸ್ತರು ಕಿರ್ದಿಯನ್ನೂ ನೋಡಿಯೇ ಹೇಳುತ್ತಾರೆ. ಎಸ್‌ಕ್ಯೂಲೈಟ್ ಮಾಡುವುದೂ ಅದನ್ನೇ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿಗೆ ಸೇರಿತ್ತಲ್ಲ, ಮರಾಠಿಯಲ್ಲೂ ಇರುವ ಈ ಜೋಡಿ ಇಲ್ಲಿನ ಲೆಕ್ಕದವರ ಬಾಯಲ್ಲಿ ಸಲೀಸಾಗಿ ಬರುತ್ತದೆ.

ಆದರೆ ಪೂರ್ತಿ ಹೊಂದುವುದಿಲ್ಲ. ಖತಾವಣಿ ಆದ ಮೇಲೂ ಕಿರ್ದಿ ಪುಸ್ತಕವನ್ನು ಜೋಪಾನ ಮಾಡುತ್ತಾರೆ. ವಾಲ್ ಫೈಲ್ ಹಾಗಲ್ಲ, ಪ್ರೋಗ್ರಾಮ್ ಮುಚ್ಚಿದಾಗ ಅಳಿದೇ ಹೋಗುತ್ತದೆ. ಇನ್ನು ‘ರೋಲ್‌ಬ್ಯಾಕ್ ಜರ್ನಲ್’ ಅಂತ ಹಳೆಯ ಕ್ರಮವೊಂದಿದೆ. ಅದರಲ್ಲಿ ಬದಲಾಯಿಸುವ ಮುಂಚಿನ ಪುಟವನ್ನು ಎತ್ತಿಡುತ್ತದೆ, ಹೊಸದನ್ನಲ್ಲ. ಜರ್ನಲ್ ಅನ್ನುವ ಹೆಸರು ನೋಡಿ ಅದಕ್ಕೂ ಕಿರ್ದಿ ಅಂದರೆ ಅರ್ಥವೇ ತಿರುಗಿಬೀಳುತ್ತದೆ. ಅದಕ್ಕೆ ‘ಹಳೆಪುಟದ ಪ್ರತಿ’ ಅಂತ ಇಟ್ಟಿದ್ದೇನೆ.

ನಿಜವಾದ ಕಷ್ಟ ಬೇರೆ. ಇದು ಲೆಕ್ಕದ ಸಾಫ್ಟ್‌ವೇರ್. ಪರದೆಯ ಮೇಲೆ ‘ಖತಾವಣಿ ಆಗಿಲ್ಲ’ ಅಂತ ಬಂದರೆ, ರೈತರ ಖಾತೆಗೇ ಹಣ ಏರಿಲ್ಲ ಅಂತ ಗುಮಾಸ್ತರು ಗಾಬರಿಯಾಗುತ್ತಾರೆ. ಕೆಲವರು ಅದೇ ನಮೂದನ್ನು ಮತ್ತೊಮ್ಮೆ ಬರೆದಾರು. ‘ಫೈಲ್ ಕಿರ್ದಿ’, ‘ಫೈಲ್ ಖತಾವಣಿ’ ಅಂತ ಬೇರ್ಪಡಿಸಿದರೆ ಸಾಕೇ? ಅಥವಾ ಈ ಪದಗಳನ್ನು ವಿವರಣೆಯಲ್ಲಿ ಮಾತ್ರ ಇಟ್ಟುಕೊಂಡು, ಪರದೆಯಲ್ಲಿ ‘ಮುಖ್ಯ ಫೈಲಿಗೆ ಇನ್ನೂ ಏರಿಸಿಲ್ಲ. ಪ್ರೋಗ್ರಾಮ್ ಮುಚ್ಚಿ, ಆಮೇಲೆ ಕಾಪಿ ಮಾಡಿ’ ಅಂತ ಬರೆಯುವುದು ಒಳ್ಳೆಯದೇ? ನನ್ನ ಮನಸ್ಸು ಎರಡನೆಯದರ ಕಡೆಗಿದೆ.

ಕಾರವಾರ, ಅಂಕೋಲಾ, ಕುಮಟಾ ಕಡೆಯ ಅಂಗಡಿಗಳಲ್ಲಿ ಕಿರ್ದಿ ಅಂದರೆ ನಗದು ವ್ಯವಹಾರ ಮಾತ್ರವೇ, ಉದ್ರಿಯೂ ಸೇರುತ್ತದೆಯೇ? ಮೈಸೂರು, ಮಂಗಳೂರು ಕಡೆಯವರಿಗೆ ಖತಾವಣಿ ಅಂದರೆ ತಿಳಿಯುತ್ತದೆಯೇ? ಅಲ್ಲಿ ಬೇರೆ ಪದವಿದ್ದರೆ ದಯವಿಟ್ಟು ಬಳಕೆಯ ವಾಕ್ಯದ ಸಮೇತ ತಿಳಿಸಿ.