ಪದಚರ್ಚೆ: ಅಣುಸ್ಥಾವರದ ಸೇಫ್ಟಿಗೂ ಸೆಕ್ಯುರಿಟಿಗೂ ಬೇರೆ ಬೇರೆ ಪದ ಬೇಕು (ಅರ್ಜೆಂಟ್)

ಸು., ಕಾರವಾರ:

ಎಲ್ಲರಿಗೂ ನಮಸ್ಕಾರ. ಶಾಲಾ ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಕೈಗಾ ಬಗ್ಗೆ ಒಂದು ಫಲಕವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಫ್ಲೆಕ್ಸ್ ಅಂಗಡಿಗೆ ಫೈಲ್ ಕೊಡಬೇಕು. ಮೂಲದಲ್ಲಿ ಮೂರು ತಲೆಬರಹ ಇವೆ: ಸೇಫ್ಟಿ, ಸೆಕ್ಯುರಿಟಿ, ಸೇಫ್‌ಗಾರ್ಡ್ಸ್.

ಮೊದಲನೆಯದು ಸ್ಥಾವರದಿಂದ ಜನರಿಗೆ ತೊಂದರೆ ಆಗದಂತೆ ನೋಡಿಕೊಳ್ಳುವುದು: ಕೂಲಿಂಗ್, ದಪ್ಪ ಕಾಂಕ್ರೀಟ್ ಗುಮ್ಮಟ, ತಾನಾಗಿಯೇ ನಿಲ್ಲುವ ವ್ಯವಸ್ಥೆ. ಎರಡನೆಯದು ಜನರಿಂದ ಸ್ಥಾವರಕ್ಕೆ ತೊಂದರೆ ಆಗದಂತೆ: ಕಳ್ಳತನ, ದಾಳಿ, ಒಳಗಿನವರೇ ಮಾಡುವ ಕಿತಾಪತಿ. ಮೂರನೆಯದು ಇಂಧನ ಬಾಂಬಿನ ಕಡೆಗೆ ಹೋಗದಂತೆ ವಿಯೆನ್ನಾದ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯವರು ಬಂದು ಲೆಕ್ಕ ನೋಡುವುದು.

ಸುರಕ್ಷತೆ, ಭದ್ರತೆ, ಸುರಕ್ಷಾ ಕ್ರಮಗಳು ಎಂದು ಬರೆದೆ. ಓದಿದವರು ‘ಮೂರೂ ಒಂದೇ ಅಲ್ವಾ?’ ಎಂದರು. ಏನು ಹಾಕಲಿ?

ರಾ., ಧಾರವಾಡ:

ಮೊದಲು ಸಬ್ಜೆಕ್ಟ್ ಲೈನ್ ಸರಿ ಮಾಡಿ. ಅಣು ಎಂದರೆ ಮಾಲಿಕ್ಯೂಲ್. ಆಟಂ ಎಂದರೆ ಪರಮಾಣು. ಪಾಠದಲ್ಲಿ ನೀರಿನ ಅಣು ಎಂದು ಕಲಿಸಿ, ಹೊರಗೆ ಬಂದ ಕೂಡಲೇ ಅಣುಸ್ಥಾವರ ಎಂಬ ಬೋರ್ಡು ತೋರಿಸಿದರೆ ಮಕ್ಕಳು ಏನು ತಿಳಿಯಬೇಕು? ಅಲ್ಲಿ ಒಡೆಯುವುದು ಪರಮಾಣುವಿನ ಬೀಜ. ಆದ್ದರಿಂದ ಬೈಜಿಕ ಸ್ಥಾವರ. ಇನ್ನು ನಿಮ್ಮ ಪ್ರಶ್ನೆ. ಸುರಕ್ಷತೆ, ಭದ್ರತೆ. ಇದರಲ್ಲಿ ಚರ್ಚೆ ಏನಿದೆ?

ಗ., ಶಿವಮೊಗ್ಗ:

ಚರ್ಚೆ ಇದೆ. ಆಹಾರ ಭದ್ರತೆ, ಸಾಮಾಜಿಕ ಭದ್ರತೆ, ಭದ್ರತಾ ಠೇವಣಿ, ಗಡಿ ಭದ್ರತೆ. ಸಿಕ್ಕಿದ್ದಕ್ಕೆಲ್ಲ ಹಾಕಿ ಸವೆದುಹೋದ ಪದ. ಕನ್ನಡದ್ದೇ ಕಾಯ್ (ಕಾಯುವುದು) ಎಂಬ ಧಾತು ಇರುವಾಗ ಯಾಕೆ ಬೇಕು? ಸೇಫ್ಟಿಗೆ ಕಾಪು, ಸೆಕ್ಯುರಿಟಿಗೆ ಕಾವಲು. ನ್ಯೂಕ್ಲಿಯರ್‌ಗೆ ತಿರುಳು. ತಿರುಳ್ಗಾಪು, ತಿರುಳ್ಗಾವಲು. ಬೈಜಿಕ ಅಂತೆ! ಆ ‘ಐ’ಕಾರ ಯಾಕೆ ಬಂತು ಎಂದು ಓದುವವರಿಗೆ ಯಾರು ಹೇಳಿಕೊಡುತ್ತಾರೆ?

ನಾ., ಉಡುಪಿ:

ಕಾಪು ಎಂದರೆ ನಮ್ಮ ಕಡೆ ಲೈಟ್‌ಹೌಸ್ ಇರುವ ಊರು. ಬಸ್ಸೂ ನಿಲ್ಲುತ್ತದೆ. ತಿರುಳ್ಗಾಪು ಎಂದು ಬರೆದರೆ ಹಲಸಿನ ಹಣ್ಣಿನ ಮಳಿಗೆ ಎಂದುಕೊಂಡು ಒಳಗೆ ಬರುತ್ತಾರೆ. ಸುಮ್ನೆ ಸೇಫ್ಟಿ, ಸೆಕ್ಯುರಿಟಿ ಎಂದೇ ಬರೆಯಿರಿ. ಮನೆಯಲ್ಲಿ ‘ವಿದ್ಯುತ್ ಹೋಯಿತು’ ಎಂದು ಯಾರಾದರೂ ಅಂದಿದ್ದಾರಾ? ಕರೆಂಟು ಹೋಗುತ್ತದೆ, ಕರೆಂಟು ಬರುತ್ತದೆ.

ವಿ., ರೀಗಾ:

ಲಾಟ್ವಿಯಾದಲ್ಲಿದ್ದೇನೆ, ಅನುವಾದದ ಸಾಫ್ಟ್‌ವೇರ್ ಕೆಲಸ. ಇಂಗ್ಲಿಷ್–ಲಾಟ್ವಿಯನ್ ಪದಪಟ್ಟಿ ದಿನವೂ ಕಣ್ಣಿಗೆ ಬೀಳುತ್ತದೆ. ಇಲ್ಲೂ ಇದೇ ತೊಡಕು. ಸೇಫ್ಟಿ, ಸೆಕ್ಯುರಿಟಿ ಎರಡಕ್ಕೂ ಬಳಕೆಯಲ್ಲಿರುವುದು ದ್ರೋಶೀಬ. (ಬರೆಯುವುದು ಹಾಗೆ. ಬಾಯಲ್ಲಿ ಆ ‘ಓ’ ಒಡೆದು ‘ದ್ರುಒಶೀಬ’ ಆಗುತ್ತದೆ.) ವಿಕಿರಣದ ಮೇಲೆ ಕಣ್ಣಿಡುವ ಸರ್ಕಾರಿ ಕೇಂದ್ರದ ಹೆಸರಲ್ಲೂ ದ್ರೋಶೀಬ ಇದೆ, ಗೂಢಚಾರರನ್ನು ಹಿಡಿಯುವ ಇಲಾಖೆಯ ಹೆಸರಲ್ಲೂ ಅದೇ ಇದೆ. ಕೆಲವರು ಬೇರೆ ಪ್ರತ್ಯಯ ಹಚ್ಚಿ ದ್ರೋಶುಮ್ಸ್ ಎಂದು ಮಾಡಿ ಸೇಫ್ಟಿಯನ್ನು ಬೇರೆ ಮಾಡಲು ನೋಡುತ್ತಾರೆ. ಎಲ್ಲ ಕಾಗದಗಳೂ ಅದನ್ನು ಪಾಲಿಸುವುದಿಲ್ಲ. ಹಾಗಾಗಿ ಸೆಕ್ಯುರಿಟಿಯ ಜಾಗದಲ್ಲಿ ಎಷ್ಟೋ ಕಡೆ ‘ಭೌತಿಕ ರಕ್ಷಣೆ’ ಎಂಬ ಅರ್ಥದ ಎರಡು ಪದ ಹಾಕಿ ಮುಂದೆ ಹೋಗುತ್ತಾರೆ.

ಜರ್ಮನ್, ರಷ್ಯನ್ ಭಾಷೆಗಳಲ್ಲೂ ದಿನಬಳಕೆಯಲ್ಲಿ ಎರಡಕ್ಕೂ ಒಂದೇ ಪದ. ಫ್ರೆಂಚರು ಎರಡು ಇಟ್ಟುಕೊಂಡಿದ್ದಾರೆ. ನ್ಯೂಕ್ಲಿಯಸ್‌ಗೆ ಲಾಟ್ವಿಯನ್‌ನಲ್ಲಿ ಕೋದೋಲ್ಸ್, ಅಂದರೆ ಕಾಯಿಯೊಳಗಿನ ತಿರುಳು. ಶಿವಮೊಗ್ಗದವರಿಗೆ ಖುಷಿಯಾಗಬಹುದು.

ಒಂದು ತಮಾಷೆ: ಈಗ ಈ ದೇಶದಲ್ಲಿ ಓಡುವ ರಿಯಾಕ್ಟರೇ ಇಲ್ಲ. ರೀಗಾ ಪಕ್ಕದ ಸಾಲಸ್ಪಿಲ್ಸ್‌ನಲ್ಲಿ ಸಂಶೋಧನೆಗೆಂದು 1961ರಲ್ಲಿ ಶುರುವಾದದ್ದು 1998ರಲ್ಲಿ ನಿಂತಿತು. ಗಡಿಯಾಚೆ ಲಿಥುವೇನಿಯಾದ ಇಗ್ನಾಲಿನಾ ಸ್ಥಾವರ 2009ರ ಕೊನೆಗೆ ಮುಚ್ಚಿತು. ಆದರೆ 2004ರಲ್ಲಿ ಲಾಟ್ವಿಯಾ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಒಕ್ಕೂಟದ ಕಾನೂನೆಲ್ಲ ಲಾಟ್ವಿಯನ್‌ನಲ್ಲೂ ಬರಬೇಕು. ಸ್ಥಾವರ ಇಲ್ಲ, ಪದ ಬೇಕು. ಅಂದ ಹಾಗೆ, ದ್ರೋಶ್ಸ್ ಎಂಬ ಗುಣವಾಚಕಕ್ಕೆ ‘ಅಪಾಯವಿಲ್ಲದ’ ಎಂಬ ಅರ್ಥವೂ ಇದೆ, ‘ಧೈರ್ಯದ’ ಎಂಬ ಅರ್ಥವೂ ಇದೆ.

ರಾ., ಧಾರವಾಡ:

ಅದು ನಮ್ಮ ಧೃಷ್! ಧೃಷ್ಟದ್ಯುಮ್ನನ ಧೃಷ್ಟ. ಲಿಥುವೇನಿಯನ್ನಿನ ‘ದ್ರಾಸುಸ್’ ಕೂಡ ಅದೇ ಧಾತು, ಗ್ರೀಕಿನಲ್ಲೂ ಇದೆ. ಎದೆಗಾರಿಕೆ ಎಂಬ ಅರ್ಥ ಮೊದಲು, ಅಪಾಯವಿಲ್ಲ ಎಂಬುದು ಆಮೇಲೆ. ಭಯವಿಲ್ಲದವನು, ಭಯಪಡುವಂಥದ್ದು ಇಲ್ಲದ ಜಾಗ. ಇಷ್ಟು ಒಳ್ಳೆಯ ಧಾತುವನ್ನು ನಾವು ಕೈಬಿಟ್ಟಿದ್ದೇವೆ.

ಗ., ಶಿವಮೊಗ್ಗ:

ರೀಗಾಕ್ಕೆ ಹೋದರೂ ಇವರಿಗೆ ಸಿಗುವುದು ಸಂಸ್ಕೃತವೇ. ಧೈರ್ಯವೂ ಅಲ್ಲಿಂದಲೇ ಬಂತೋ?

ರಾ., ಧಾರವಾಡ:

ಧೈರ್ಯ ‘ಧೀರ’ದಿಂದ ಬಂದದ್ದು. ಬೇರೆ. ಗೊತ್ತಿಲ್ಲದಿದ್ದರೆ ಬೆರೆಸಬೇಡಿ.

ಮ., ಮೈಸೂರು:

ಸು ಮೇಡಂ, ಇವರ ಜಗಳ ನಾಳೆ ಮಧ್ಯಾಹ್ನಕ್ಕೆ ಮುಗಿಯುವುದಿಲ್ಲ. ಸ್ಥಾವರದಲ್ಲಿ ಕೆಲಸ ಮಾಡಿ ರಿಟೈರ್ ಆದವನು ನಾನು.

ಮೂರನೇ ತಲೆಬರಹ ತೆಗೆದುಬಿಡಿ. 2008ರ ಅಂತಾರಾಷ್ಟ್ರೀಯ ಅಣು ಒಪ್ಪಂದಗಳ ನಂತರ ಸೇಫ್‌ಗಾರ್ಡ್ಸ್‌ಗೆ ಒಳಪಟ್ಟ ಪಟ್ಟಿಯಲ್ಲಿ ರಾವತ್‌ಭಾಟಾ, ನರೋರಾ, ಕಾಕ್ರಾಪಾರ ಇವೆ, ಕೈಗಾ ಇಲ್ಲ. ನಿಮ್ಮ ಇಂಗ್ಲಿಷ್ ಮೂಲ ಯಾವುದೋ ಬೇರೆ ಕಡೆಯಿಂದ ಎತ್ತಿದ್ದಿರಬೇಕು. ಇಲ್ಲದ ವಿಷಯಕ್ಕೆ ಪದ ಹುಡುಕಿ ಏನು ಮಾಡುತ್ತೀರಿ?

ಎರಡನೆಯದಕ್ಕೆ ಕಾವಲು ಚೆನ್ನಾಗಿದೆ. ಗೇಟಿನಲ್ಲಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯವರು (ಸಿಐಎಸ್‌ಎಫ್) ಪಾಸ್ ನೋಡುತ್ತಾರೆ, ಬ್ಯಾಗ್ ತೆರೆಸುತ್ತಾರೆ. ಅದು ಕಾವಲೇ. ಒಳಗಿನವರ ಕಿತಾಪತಿಯೂ ಸೇರಬೇಕು ಎನ್ನುವುದಾದರೆ ಕಾವಲು ಮತ್ತು ತಪಾಸಣೆ ಎನ್ನಿ. ಮೊದಲನೆಯದು ಸುರಕ್ಷತೆ. ಅದನ್ನು ಮುಟ್ಟಬೇಡಿ, ಕಾರ್ಖಾನೆಗಳ ಗೋಡೆಯ ಮೇಲೆಲ್ಲ ಅದೇ ಇದೆ.

ನೀವು ಕೇಳದ ಒಂದು ಪದ ಇದಕ್ಕಿಂತ ಮುಖ್ಯ. ಕೈಗಾದ 2ನೇ ಘಟಕ 1999ರಲ್ಲಿ ‘ಕ್ರಿಟಿಕಲ್’ ಆಯಿತು ಎಂದು ಮೂಲದಲ್ಲಿ ಇದ್ದೇ ಇರುತ್ತದೆ. ದಯವಿಟ್ಟು ‘ಗಂಭೀರ ಸ್ಥಿತಿ ತಲುಪಿತು’ ಎಂದು ಬರೆಯಬೇಡಿ. ಅದು ಆಸ್ಪತ್ರೆಯ ಭಾಷೆ. ಇಲ್ಲಿ ಕ್ರಿಟಿಕಲ್ ಎಂದರೆ ಸರಪಳಿ ಕ್ರಿಯೆ ತನ್ನಷ್ಟಕ್ಕೆ ಒಂದೇ ಮಟ್ಟದಲ್ಲಿ ನಡೆಯುತ್ತಿದೆ ಎಂದು. ರಿಯಾಕ್ಟರ್ ಆರೋಗ್ಯವಾಗಿದೆ ಎಂದೇ ಅರ್ಥ. 1ನೇ ಘಟಕ ಒಂದು ಸಲ 962 ದಿನ ನಿಲ್ಲದೆ ಓಡಿ, 2018ರ ಕೊನೆಯ ದಿನ ನಿಂತಿತು. ಅಷ್ಟೂ ದಿನ ಅದು ಕ್ರಿಟಿಕಲ್. ‘ಸರಪಳಿ ಕ್ರಿಯೆ ಶುರುವಾಯಿತು’ ಎಂದು ಬರೆದರೆ ಸಾಕು.

ಹಾಗೆಯೇ ಇನ್ಸಿಡೆಂಟ್, ಆಕ್ಸಿಡೆಂಟ್ ಎರಡನ್ನೂ ಅಪಘಾತ ಮಾಡಬೇಡಿ. ಇಂಥವುಗಳ ತೀವ್ರತೆ ಹೇಳುವ ಅಂತಾರಾಷ್ಟ್ರೀಯ ಮಾಪಕದಲ್ಲಿ 1ರಿಂದ 3ರವರೆಗೆ ಇನ್ಸಿಡೆಂಟ್, 4ರಿಂದ 7 ಆಕ್ಸಿಡೆಂಟ್. ಚೆರ್ನೋಬಿಲ್, ಫುಕುಶಿಮಾ 7. ಕೆಳಗಿನದಕ್ಕೆ ಘಟನೆ, ಮೇಲಿನದಕ್ಕೆ ಅಪಘಾತ.

ನಾ., ಉಡುಪಿ:

‘ಘಟನೆ’ ಎಂದರೆ ಮದುವೆಯೂ ಘಟನೆಯೇ. ಜನರಿಗೆ ಹೆದರಿಕೆ ಆಗಬಾರದು ಎಂದು ಹುಡುಕಿದ ಪದ ಅದು.

ಮ., ಮೈಸೂರು:

ಇಂಗ್ಲಿಷಿನ ಇನ್ಸಿಡೆಂಟೂ ಅಷ್ಟೇ ಸಪ್ಪೆ. ಮೂಲದಲ್ಲಿ ಇಲ್ಲದ ಖಾರವನ್ನು ಅನುವಾದಕಿ ಹಾಕಬೇಕಾ?

ಸು., ಕಾರವಾರ:

ಎಲ್ಲರಿಗೂ ಥ್ಯಾಂಕ್ಸ್. ಫೈಲ್ ಕೊಟ್ಟಾಯಿತು. ‘ಸುರಕ್ಷತೆ’, ‘ಕಾವಲು ಮತ್ತು ತಪಾಸಣೆ’. ಮೂರನೆಯದನ್ನು ಆಯೋಜಕರಿಗೆ ಹೇಳಿ ತೆಗೆಸಿದೆ. ಕ್ರಿಟಿಕಲ್ ಇತ್ತು, ಮೈಸೂರಿನ ಸರ್ ಹೇಳಿದಂತೆ ಬದಲಾಯಿಸಿದೆ. ಮೇಲೆ ದೊಡ್ಡದಾಗಿ ‘ಪರಮಾಣು ವಿದ್ಯುತ್ ಕೇಂದ್ರ’.

ರಾ., ಧಾರವಾಡ:

ಬೈಜಿಕ ಹಾಕಲಿಲ್ಲ.

ಗ., ಶಿವಮೊಗ್ಗ:

ಕಾಪು ಎಂದು ಹಾಕಿದ್ದರೆ ಎರಡೇ ಅಕ್ಷರ. ಅದೇ ಜಾಗದಲ್ಲಿ ಇಮ್ಮಡಿ ದೊಡ್ಡದಾಗಿ ಬರುತ್ತಿತ್ತು.