ಅಪ್‌ಡೇಟ್: ವೆಟ್‌ಸೂಟೋ ಡ್ರೈಸೂಟೋ, ಕೊನೆಗೆ ಡ್ರೈಸೂಟ್

ದಾವಣಗೆರೆಯಿಂದ ಲಡಾಖ್‌ಗೆ ಹೋಗಿ ಝನ್ಸ್ಕಾರ್ ನದಿಯಲ್ಲಿ ಕಯಾಕಿಂಗ್ (ಕಿರಿದಾದ ಪುಟ್ಟ ದೋಣಿಯಲ್ಲಿ ಹುಟ್ಟುಹಾಕುತ್ತಾ ಸಾಗುವುದು) ಮಾಡಲು ಯಾವ ಸೂಟ್ ಎಂದು ಕೇಳಿದ್ದೆ: ಮೈಗಂಟುವ ರಬ್ಬರಿನ ವೆಟ್‌ಸೂಟೋ, ನೀರು ಒಳಬಿಡದ ಡ್ರೈಸೂಟೋ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್, ಡ್ರೈಸೂಟೇ ತಗೊಂಡೆ.

ವೆಟ್‌ಸೂಟ್ ಬೆಚ್ಚಗಿಡುವುದು ನಿಯೋಪ್ರೀನ್ ಎಂಬ ಸ್ಪಂಜಿನಂಥ ರಬ್ಬರಿನ ಒಳಗಿನ ಗಾಳಿಗುಳ್ಳೆಗಳಿಂದ. ಸೊಂಟದ ಹಿಂದೆ ಸಡಿಲವಿದ್ದರೆ ಪ್ರತಿ ಮುಳುಗಿಗೂ ಹೊಸ ತಣ್ಣೀರು ನುಗ್ಗುತ್ತೆ, ಆಗ 5 ಮಿ.ಮೀ. ದಪ್ಪವಿದ್ದೂ ದಂಡ. ಹಿಮ ಕರಗಿದ ನೀರಲ್ಲಿ ದಿನಗಟ್ಟಲೆ ಇರಬೇಕಾದರೆ ಡ್ರೈಸೂಟೇ ವಾಸಿ. ಆದರೆ ತೆಳು ಬಟ್ಟೆಯ ಡ್ರೈಸೂಟ್ ನೀರು ತಡೆಯುತ್ತೆ ಅಷ್ಟೇ, ಶಾಖಕ್ಕೆ ಒಳಗೆ ಫ್ಲೀಸ್ (ಉಣ್ಣೆಯಂಥ ಬೆಚ್ಚನೆ ಬಟ್ಟೆ) ಬೇಕು. ಹತ್ತಿ ಬನಿಯನ್ ಬೇಡ, ಬೆವರು ಹಿಡಿದು ತಣ್ಣಗಾಗುತ್ತೆ.

ನೀರು ಒಳನುಗ್ಗದಂತೆ ಡ್ರೈಸೂಟಿಗೆ ಇರುವ ಲೇಟೆಕ್ಸ್ (ತೆಳು ರಬ್ಬರ್) ಕುತ್ತಿಗೆಪಟ್ಟಿ ಹೊಸದರಲ್ಲಿ ಉಸಿರು ಕಟ್ಟಿಸುವಷ್ಟು ಬಿಗಿ ಇತ್ತು. ಕತ್ತರಿ ಹಾಕುವ ಮೊದಲು ನುಣುಪಾದ ಸ್ಟೀಲ್ ಪಾತ್ರೆಗೆ ರಾತ್ರಿಯಿಡೀ ಎಳೆದು ಹಾಕಿದರೆ ಸಾಕಷ್ಟು ಸಡಿಲಾಗುತ್ತೆ. ಮಣಿಕಟ್ಟಿನದಕ್ಕೆ ಲೋಟ. ಜಾರಲಿ ಅಂತ ಕೊಬ್ಬರಿ ಎಣ್ಣೆ ಮುಟ್ಟಿಸಬೇಡಿ. ಎಣ್ಣೆ ಲೇಟೆಕ್ಸನ್ನು ತಿನ್ನುತ್ತೆ. ವಾಸನೆಯಿಲ್ಲದ ಟಾಲ್ಕ್ ಪೌಡರ್ ಸಾಕು. ನಮ್ಮೂರ ಬೇಸಿಗೆಗೆ ಅಟ್ಟದಲ್ಲೂ ಕಾರಿನ ಡಿಕ್ಕಿಯಲ್ಲೂ ಇಟ್ಟರೆ ಪಟ್ಟಿ ಅಂಟಂಟಾಗುತ್ತೆ, ನೆರಳಿರುವ ತಣ್ಣನೆ ಬೀರುವೇ ಸರಿ.

ಹೊರಡುವ ಮುನ್ನ ಸೂಟನ್ನು ಇಲ್ಲೇ ಪರೀಕ್ಷಿಸುವುದಾದರೆ, ನಮ್ಮ ಜಿಲ್ಲೆಯ ಸೂಳೆಕೆರೆಯ ನೀರು ಚಳಿಗೆ ಪರೀಕ್ಷೆಯಲ್ಲ, ಸೋರಿಕೆಗೆ ಪರೀಕ್ಷೆ. ಈಜಲು ಅನುಮತಿ ಇರುವ ಕಡೆ, ಜೊತೆಗೊಬ್ಬರನ್ನು ಇಟ್ಟುಕೊಂಡು, ಬೆಳಗಿನ ಹೊತ್ತು ಹತ್ತೇ ನಿಮಿಷ ಇಳಿಯಿರಿ. ಹೆಚ್ಚಾದರೆ ಬೆಂದುಹೋಗ್ತೀರಿ. ಒಳಬಟ್ಟೆ ಎಲ್ಲೆಡೆ ಒಂದೇ ಸಮ ತೇವವಿದ್ದರೆ ಬೆವರು, ಒಂದೇ ಕಡೆ ತೊಯ್ದಿದ್ದರೆ ತೂತು. ನೀರಿಗಿಳಿಯುವ ಮುನ್ನ ಕುಕ್ಕರುಗಾಲಲ್ಲಿ ಕೂತು, ಕುತ್ತಿಗೆಪಟ್ಟಿಗೆ ಬೆರಳು ತೂರಿಸಿ ಗಾಳಿ ಹೊರಗೆ ಬಿಡಿ. ಇಲ್ಲದಿದ್ದರೆ ಕಾಲಿನ ಕಡೆ ಬಲೂನಿನಂತೆ ಉಬ್ಬಿ ಈಜೋದೇ ಕಷ್ಟ.

ಜಿಪ್ ಕೊನೆಯ ಒಂದಿಂಚು ಪೂರ್ತಿ ಬಂತಾ ಅಂತ ಇನ್ನೊಬ್ಬರ ಕೈಲಿ ನೋಡಿಸಿ.