ಸಹಾಯ ಬೇಕು: ಐಪಿಯಿಂದ ಹೆಸರು ಹುಡುಕುವಾಗ ಖಾಲಿ ಉತ್ತರ

ಎಲ್ಲರಿಗೂ ನಮಸ್ಕಾರ. ಮೇಲ್ ಸರ್ವರ್‌ನ ಲಾಗ್‌ನಲ್ಲಿರುವ ಐಪಿ ವಿಳಾಸಗಳ ಹೆಸರು ತಿಳಿಯಲು ಒಂದು ಬ್ಯಾಶ್ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಒಂದೊಂದೇ ಐಪಿಗೆ ಡಿಗ್ ಕಮಾಂಡನ್ನು (ಹೆಸರು ಮತ್ತು ಐಪಿ ಹೊಂದಿಸುವ ಡಿಎನ್‌ಎಸ್ ವ್ಯವಸ್ಥೆಯನ್ನು ಕೇಳುವ ಕಮಾಂಡ್) ಮೈನಸ್ ಎಕ್ಸ್ (ಐಪಿಯಿಂದ ಹೆಸರು ಹುಡುಕಲು) ಮತ್ತು ಪ್ಲಸ್ ಶಾರ್ಟ್ (ಉತ್ತರವಷ್ಟೇ ತೋರಿಸಲು) ಜೊತೆ ಓಡಿಸುತ್ತೇನೆ. 8.8.8.8 ಕೊಟ್ಟರೆ ಡಿಎನ್‌ಎಸ್ ಡಾಟ್ ಗೂಗಲ್ ಅಂತ ಸರಿಯಾಗಿ ಬರುತ್ತದೆ.

ಆದರೆ ಕೆಲವು ಐಪಿಗಳಿಗೆ ಏನೂ ಬರುವುದಿಲ್ಲ, ಸುಮ್ನೆ ಖಾಲಿ. ಪಿಟಿಆರ್ ರೆಕಾರ್ಡೇ (ಐಪಿಯ ಹೆಸರು ಹೇಳುವ ಡಿಎನ್‌ಎಸ್ ದಾಖಲೆ) ಇಲ್ಲವಾ, ಅಥವಾ ಆ ಕಡೆಯ ನೇಮ್ ಸರ್ವರ್ ಕೆಟ್ಟು ಸರ್ವ್‌ಫೇಲ್ (ಹುಡುಕಾಟ ವಿಫಲವಾಯಿತು ಎಂಬ ದೋಷದ ಉತ್ತರ) ಬಂತಾ, ಇದು ಗೊತ್ತಾಗಬೇಕು. ಎರಡೂ ಒಂದೇ ಅಲ್ಲ, ಅಲ್ವಾ? ಮೊದಲನೆಯದಾದರೆ ಆ ಐಪಿಯನ್ನು ಅನುಮಾನದ ಪಟ್ಟಿಗೆ ಹಾಕಬಹುದು. ಎರಡನೆಯದಾದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಬೇಕು. ತಪ್ಪಿದರೆ ಒಳ್ಳೆಯವರ ಮೇಲ್ ತಡೆದ ಹಾಗಾಗುತ್ತದೆ.

ಎಕ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಕೊಡುವ ಸಂಖ್ಯೆ) ನೋಡಿದೆ, ಎರಡಕ್ಕೂ 0 ಬರುತ್ತದೆ. ಡಿಗ್ ಕೇಳಿದ ಡಿಎನ್‌ಎಸ್ ಸರ್ವರ್ ಉತ್ತರವನ್ನೇ ಕೊಡದಿದ್ದಾಗ ಮಾತ್ರ 9. ಪ್ಲಸ್ ಶಾರ್ಟ್ ತೆಗೆದರೆ ಹೆಡರ್‌ನಲ್ಲಿ ಸ್ಟೇಟಸ್ ಕಾಣಿಸುತ್ತದೆ. ಅದನ್ನು ಗ್ರೆಪ್ ಮಾಡುವುದೇ (ಗ್ರೆಪ್ ಕಮಾಂಡ್‌ನಿಂದ ಹುಡುಕಿ ತೆಗೆಯುವುದೇ) ದಾರಿಯಾ, ಇದಕ್ಕಿಂತ ಗಟ್ಟಿಯಾದ ವಿಧಾನ ಇದೆಯಾ?

ಇನ್ನೊಂದು ವಿಷಯ. ಪಿಟಿಆರ್‌ನಲ್ಲಿ, ಐಪಿ ಬ್ಲಾಕ್ (ಐಪಿ ವಿಳಾಸಗಳ ಗುಂಪು) ತಮ್ಮ ಹೆಸರಲ್ಲಿ ಇರುವವರು ಯಾವ ಹೆಸರು ಬೇಕಾದರೂ ಬರೆಯಬಹುದು. ಹಾಗಾಗಿ ಬಂದ ಹೆಸರನ್ನು ತಿರುಗಿ ಐಪಿಗೆ ಹೊಂದಿಸಿ ನೋಡಬೇಕು. ಒಂದೇ ಐಪಿಗೆ ಜಾಸ್ತಿ ಹೆಸರು ಬಂದರೆ ಎಲ್ಲವನ್ನೂ ಪರೀಕ್ಷಿಸುತ್ತೀರಾ? ನಿಮ್ಮ ಸ್ಕ್ರಿಪ್ಟ್ ಇದ್ದರೆ ದಯವಿಟ್ಟು ಹಂಚಿಕೊಳ್ಳಿ.